ಟ್ಯಾಂಕಿನಲ್ಲಿ ಇನ್ನೂ ಮುಕ್ಕಾಲು ನೀರಿದೆ

ಹಿಲ್ಕಾ: ಕಡೇ ಸಲ ಕೇಳ್ತಿದ್ದೀನಿ. ಆ ನೀರು ಬಿಡ್ತೀಯೋ, ಇಲ್ಲ ನಾನೇ ಗಾಡಿ ಕೆಳಗೆ ನುಸುಳಿ ಬಿಡಲೋ?

ಓಯ್ವಾ: ಇದು ಕಡೇ ಸಲ ಅಲ್ಲ. ಬೆಳಗ್ಗೆನೂ ನೀನು ಕಡೇ ಸಲ ಅಂತಲೇ ಕೇಳಿದ್ದೆ.

ಹಿಲ್ಕಾ: ಅದು ಬೆಳಗಿನ ಕಡೇ ಸಲ. ಇದು ಮಧ್ಯಾಹ್ನದ್ದು.

ಹಿಲ್ಕಾ ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಗಂಡ ಓಯ್ವಾ ಮನೆಗಾಡಿಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ. ಮಂಚ, ಒಲೆ, ಸಿಂಕು, ಮೇಜು ಎಲ್ಲ ಒಳಗೇ ಇರುವ ಉದ್ದನೆಯ ವ್ಯಾನು ಅದು. ಬೇಸಿಗೆಯಲ್ಲಿ ಅದರಲ್ಲೇ ಉಂಡು ಮಲಗಿ ಊರೂರು ಸುತ್ತುವುದು, ಚಳಿಗಾಲಕ್ಕೆ ಸೌದೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿಡುವುದು. ಫಿನ್ಲೆಂಡಿನ ಸೊಟ್ಕಮೊ ಕಡೆ ಅಕ್ಟೋಬರ್ ಬಂತೆಂದರೆ ಇಂಥ ಗಾಡಿಯಿರುವವರೆಲ್ಲ ಟ್ಯಾಂಕಿನ ಕುಡಿಯುವ ನೀರನ್ನು ಹನಿಯೂ ಬಿಡದೆ ಹೊರಗೆ ಚೆಲ್ಲಿ, ಬಾಗಿಲು ಹಾಕಿ, ಮೇ ತಿಂಗಳವರೆಗೆ ಅದರ ಕಡೆ ತಲೆಹಾಕುವುದಿಲ್ಲ. ಚೆಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪು, ಪಂಪು ಎಲ್ಲ ಸೀಳಿಹೋಗುತ್ತವೆ. ಆಯುಷ್ಯವೆಲ್ಲ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದ ಓಯ್ವಾನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಚೆನ್ನಾಗಿ ಗೊತ್ತಿತ್ತು. ಆದರೆ ಚೆಲ್ಲುವ ಮನಸ್ಸಿರಲಿಲ್ಲ.

ಹಿಲ್ಕಾ: ರೇಡಿಯೋದಲ್ಲಿ ಹೇಳಿದ್ರು. ಇವತ್ತು ಸಂಜೆಯಿಂದಲೇ ಸೊನ್ನೆಗಿಂತ ಕೆಳಗೆ.

ಓಯ್ವಾ: ಹೋದ ವರ್ಷಾನೂ ಹೇಳಿದ್ರು.

ಹಿಲ್ಕಾ: ಹೋದ ವರ್ಷಾನೂ ಆಯ್ತಲ್ಲ!

ಓಯ್ವಾ: ಆಯ್ತು. ಆದ್ರೆ ಅವರು ಹೇಳಿದ್ದು ಮಂಗಳವಾರ, ಆಗಿದ್ದು ಬುಧವಾರ. ಅಂಥವರ ಮಾತು ಕಟ್ಕೊಂಡು ನಾರ್ವೆಯ ನೀರು ಚೆಲ್ಲೋಕಾಗುತ್ತಾ?

ಹಿಲ್ಕಾ: ನೀರು ನೀರೇ.

ಓಯ್ವಾ: ಅಲ್ಲ. ಇದು ಬಂಡೆ ಸಂದಿಯಿಂದ ಬಂದ ಬುಗ್ಗೆ ನೀರು. ನಾರ್ವೆ ಸುತ್ತಿ ಬರ್ತಾ ದಾರೀಲಿ ಗಾಡಿ ನಿಲ್ಲಿಸಿ ನಾನೇ ತುಂಬಿಸಿದ್ದು. ಇದರಲ್ಲಿ ಮಾಡಿದ ಕಾಫಿ ಕುಡಿದ ಮೇಲೆ ನಮ್ಮ ಬಾವಿ ನೀರಿನದು ಬಾಯಿಗೆ ಹತ್ತಲ್ಲ. ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿರುತ್ತೆ.

ಹಿಲ್ಕಾ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಓಯ್ವಾ ಅದನ್ನು ತನ್ನ ಗೆಲುವೆಂದುಕೊಂಡ.

ಓಯ್ವಾ: ಅದೂ ಅಲ್ದೆ ಇಷ್ಟು ದಿನ ಬಳಸಿದ್ರೂ ಟ್ಯಾಂಕಿನಲ್ಲಿ ಇನ್ನೂ ಮುಕ್ಕಾಲು ನೀರಿದೆ. ಯಾಕೆ ಹೇಳು?

ಹಿಲ್ಕಾ: ಯಾಕೆ?

ಓಯ್ವಾ: ಮಿತವಾಗಿ ಬಳಸ್ತೀನಿ. ಲೋಟ ತೊಳೆಯೋದಕ್ಕೆ ಎರಡು ಸ್ಪೂನು ನೀರು. ನಿನ್ನ ಹಾಗೆ ನಲ್ಲಿ ಬಿಟ್ಕೊಂಡು ಹಾಡು ಹೇಳ್ತಾ ನಿಲ್ಲಲ್ಲ.

ಹಿಲ್ಕಾ: ಹೌದಪ್ಪಾ. ನಿನ್ನಷ್ಟು ಮಿತ ನನ್ನ ಕೈಲಾಗಲ್ಲ.

ಓಯ್ವಾ: ನನ್ನ ಗಾಡಿ ವಿಷ್ಯಕ್ಕೆ ಬರ್ತೀಯಲ್ಲ, ನಿನ್ನ ತೋಟದ ಪೈಪ್ ಯಾಕೆ ಇನ್ನೂ ಅಂಗಳದಲ್ಲೇ ಬಿದ್ದಿದೆ? ಅದೂ ಸೀಳಿಹೋಗುತ್ತೆ.

ಹಿಲ್ಕಾ: ಕರ್ರಂಟ್ ಹಣ್ಣಿನ ಗಿಡಕ್ಕೆ ನೀರು ಹಾಕೋಕೆ.

ಓಯ್ವಾ: ಅಕ್ಟೋಬರ್‌ನಲ್ಲಿ?

ಹಿಲ್ಕಾ: ಗಿಡಕ್ಕೇನು ಕ್ಯಾಲೆಂಡರ್ ಓದೋಕೆ ಬರುತ್ತಾ? ಮಾತು ತಿರುಗಿಸ್ಬೇಡ. ಸೌನಾಕ್ಕೆ ಬೆಂಕಿ ಹಾಕಿ ಆಯ್ತು. ಅದು ಕಾಯೋದ್ರೊಳಗೆ ಇದು ತೀರ್ಮಾನ ಆಗ್ಬೇಕು.

ಅಂಗಳದ ತುದಿಯಲ್ಲಿದ್ದ ಮರದ ಸೌನಾದ ಹೊಗೆಗೂಡಿನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಶನಿವಾರ ಸಂಜೆ ಆ ಸಣ್ಣ ಕೋಣೆಯಲ್ಲಿ ಬಟ್ಟೆ ಬಿಚ್ಚಿ ಕೂತು, ಕಾದ ಕಲ್ಲಿನ ಮೇಲೆ ನೀರು ಹಾಕಿ ಬೆವರದಿದ್ದರೆ ವಾರ ಮುಗಿದಂತೆಯೇ ಅಲ್ಲ. ಜಗಳವನ್ನು ಅಲ್ಲಿಗೆ ಒಯ್ಯುವಂತಿಲ್ಲ. ಹಿಲ್ಕಾಳ ಅಪ್ಪ ನೆರೆಯವನೊಂದಿಗೆ ಗಡಿಕಲ್ಲಿನ ವ್ಯಾಜ್ಯವನ್ನು ಸಾಯುವ ತನಕ ನಡೆಸಿದ. ಆದರೆ ಸೌನಾದಲ್ಲಿ ಅದೇ ನೆರೆಯವನ ಬೆನ್ನುಜ್ಜಿದ. ಹಾಗಾಗಿ ಶನಿವಾರದ ಜಗಳಗಳಿಗೆ ಆ ಮನೆಯಲ್ಲಿ ಸೌದೆ ಉರಿಯುವಷ್ಟೇ ಅವಧಿ. ಓಯ್ವಾ ಅದನ್ನೇ ನಂಬಿ ಕಾಲ ತಳ್ಳುತ್ತಿದ್ದ.

ನೀರೆಂಬುದು ಬರೀ ನೆಪ. ವಿಷಯ ಇದ್ದದ್ದು ಮೇಜಿನದು. ಮನೆಯೊಳಗಿನ ಮೇಜು ಹಿಲ್ಕಾಳ ಅಮ್ಮನ ಕಾಲದ್ದು, ಮದುವೆ ಊಟ ಬಡಿಸಬಹುದಾದಷ್ಟು ಉದ್ದ. ಅವಳು ರೇಡಿಯೋ ಕಡೆ ಕೂರುತ್ತಾಳೆ, ಇವನು ಕಿಟಕಿ ಕಡೆ. ಉಪ್ಪು ಬೇಕಾದರೆ ಎದ್ದು ನಡೆಯಬೇಕು. ಮನೆಗಾಡಿಯ ಮೇಜೋ ಒಂದು ತಟ್ಟೆಗೆ ಜಾಗ ಕೊಟ್ಟು ಇನ್ನೊಂದಕ್ಕೆ ಯೋಚಿಸುವಂಥದ್ದು. ಕೂತರೆ ಮೊಣಕಾಲಿಗೆ ಮೊಣಕಾಲು ತಗಲುತ್ತದೆ. ಈ ಬೇಸಿಗೆ ನಾರ್ವೆಯ ಕಡಲಂಚಿನಲ್ಲಿ ಅಲ್ಲಿ ಕೂತು ಹಿಲ್ಕಾ ಮಾತಾಡಿದ್ದೇ ಮಾತಾಡಿದ್ದು. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಊರ ರೂಢಿಯಂತೆ ಪ್ರತಿ ಗುರುವಾರ ಬಟಾಣಿ ಸಾರು ಬೇಯಿಸಿ ಬೇಯಿಸಿ ಅದರ ವಾಸನೆ ಕಂಡರೇ ಆಗದೆಂದು ಹೇಳಿದ್ದೂ ಅಲ್ಲೇ. ಮದುವೆಯಾದಾಗಿನಿಂದ ಪ್ರತಿ ಗುರುವಾರ ಮನೆಯಲ್ಲೂ ಅದನ್ನೇ ಮಾಡಿಸಿಕೊಂಡು ಉಂಡ ಓಯ್ವಾ ಆ ದಿನ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಅವಳೂ ನಕ್ಕಿದ್ದಳು.

ಊರಿಗೆ ಬಂದರು. ಅವಳು ರೇಡಿಯೋ ಕಡೆ, ಇವನು ಕಿಟಕಿ ಕಡೆ. ಅಂದಿನಿಂದ ಓಯ್ವಾ ದಿನಾ ಬೆಳಗ್ಗೆ ಮನೆಗಾಡಿಗೆ ಹೋಗಿ ಕಾಫಿ ಕಾಯಿಸಿ, ಎರಡು ಲೋಟ ಇಟ್ಟು, ಬಾಗಿಲು ತೆರೆದಿಟ್ಟು ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಲ್ಕಾ ಅಂಗಳ ದಾಟಿ ಬರುತ್ತಿದ್ದಳು. ಬಂದು, ಬಾಗಿಲನ್ನು ಹೊರಗಿನಿಂದ ಗಟ್ಟಿಯಾಗಿ ಮುಚ್ಚಿ ಹೋಗುತ್ತಿದ್ದಳು. ಅದಕ್ಕಿಂತ ಸ್ಪಷ್ಟವಾಗಿ ಒಲ್ಲೆ ಅನ್ನುವುದು ಹೇಗೆ? ಆದರೂ ನೀರಿರುವ ತನಕ ನಾಳೆ ಎಂಬುದಿತ್ತು. ನೀರು ಚೆಲ್ಲಿದರೆ ಅದೂ ಇಲ್ಲ. ಬಾ, ನನ್ನ ಜೊತೆ ಕೂರು ಎಂದು ಬಾಯಿಬಿಟ್ಟು ಕರೆಯುವ ಬದಲು ಹಿಮದ ಲಾರಿಯನ್ನು ಬೆನ್ನ ಮೇಲೆ ಹೊರುವುದು ಓಯ್ವಾನಿಗೆ ಸುಲಭವಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಸಿರ್ಕಾಳ ಗಂಡ ಕಲೆವಿ ಗಾಳಿ ಹೊಡೆಯುವ ಕಂಪ್ರೆಸರನ್ನು ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದ. ಬಂದವನು ಇಬ್ಬರ ಮುಖವನ್ನೂ ಕದ್ದು ನೋಡಿದ.

ಕಲೆವಿ: ಕಂಪ್ರೆಸರ್ ತಂದೆ. ಪೈಪಿಗೆ ಗಾಳಿ ಹೊಡೆದ್ರೆ ಒಂದು ಹನಿಯೂ ಉಳಿಯಲ್ಲ. ಅಂದ್ರೆ… ನೀವಿಬ್ರೂ ಒಪ್ಪಿದ್ರೆ.

ಹಿಲ್ಕಾ: ನಾನು ಯಾವತ್ತೋ ಒಪ್ಪಿದ್ದೀನಿ. ಇವನೇ ಒಪ್ತಿಲ್ಲ.

ಕಲೆವಿ: ಓಹ್. ಇದು ಬಹಳ ದಿನದಿಂದ ನಡೀತಿದೆಯಾ?

ಹಿಲ್ಕಾ: ಪ್ರತಿ ವರ್ಷ ಈ ಹೊತ್ತಿಗೆ ಇದೇ ಜಗಳ.

ಕಲೆವಿ: ಪ್ರತಿ ವರ್ಷಾನಾ!

ಓಯ್ವಾ: ಈ ವರ್ಷ ಸ್ವಲ್ಪ ಜಾಸ್ತಿ.

ಕಲೆವಿ: ಮತ್ತೆ… ಮಗಳಿಗೆ ಹೇಳಿದ್ದೀರಾ?

ಹಿಲ್ಕಾ: ಅವಳಿಗೇನು ಹೇಳೋದು? ಅವಳು ಸೆಪ್ಟೆಂಬರ್‌ನಲ್ಲೇ ಮುಗಿಸ್ಕೊಂಡ್ಲು. ಅವಳದು ಮುಂದಾಲೋಚನೆ ಜಾಸ್ತಿ.

ಕಲೆವಿ: ಅವಳೂನಾ? ಗಂಡ ಏನಂದ?

ಹಿಲ್ಕಾ: ಏನಂತಾನೆ? ಬಕೆಟ್ ಹಿಡ್ಕೊಂಡಿದ್ದ.

ಕಲೆವಿ ತಲೆಯ ಟೋಪಿ ತೆಗೆದು ಎದೆಗೊತ್ತಿ ಹಿಡಿದುಕೊಂಡ. ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಅವನು ಟೋಪಿ ತೆಗೆದದ್ದನ್ನು ಓಯ್ವಾ ನೋಡಿರಲಿಲ್ಲ.

ಓಯ್ವಾ: ಕಲೆವಿ, ನೀನು ಏನು ಕೇಳ್ತಿದ್ದೀಯ?

ಕಲೆವಿ: ನಾನೇನೂ ಕೇಳ್ತಿಲ್ಲಪ್ಪ. ಸಿರ್ಕಾ ಕೇಳ್ಕೊಂಡು ಬಾ ಅಂದ್ಲು. ಅಂಗಡೀಲಿ ಮಾತಾಡ್ತಿದ್ರಂತೆ. ಓಯ್ವಾ ಮನೆ ಬಿಟ್ಟು ಗಾಡೀಲಿ ಸಂಸಾರ ಹೂಡಿದ್ದಾನೆ, ಹಿಲ್ಕಾ ದಿನಾ ಬೆಳಗ್ಗೆ ಹೋಗಿ ಅವನ ಮುಖದ ಮೇಲೆ ಬಾಗಿಲು ಬಡೀತಾಳೆ, ಇಬ್ರೂ ಬೇರೆ ಆಗ್ತಿದ್ದಾರೆ ಅಂತ.

ಹಿಲ್ಕಾ: ಯಾರು ಹೇಳಿದ್ದು?

ಕಲೆವಿ: ಯಾರೋ. ಹೆಸರು ಬೇಡ.

ಹಿಲ್ಕಾ: ಸಿರ್ಕಾನೇ ಹೇಳಿದ್ಲು ತಾನೆ?

ಕಲೆವಿ: ಅವಳೂ ಅಲ್ಲಿದ್ಲು.

ಹಿಲ್ಕಾ: ಅವಳಿಗೆ ಹೇಳು, ಇವನು ಮಲಗೋದು ಮನೇಲೇ, ನನ್ನ ಪಕ್ಕದಲ್ಲೇ. ಇವನ ಗೊರಕೆ ನಿಮ್ಮನೇಗೂ ಕೇಳ್ಬೇಕಲ್ಲ?

ಕಲೆವಿ: ಕೇಳುತ್ತೆ. ನಾವು ಅದು ಗಾಡಿ ಎಂಜಿನ್ ಅಂದ್ಕೊಂಡಿದ್ವಿ.

ಕಲೆವಿ ಟೋಪಿ ಹಾಕಿಕೊಂಡ. ಅವನ ಮುಖದಲ್ಲಿ ಸಮಾಧಾನವಿತ್ತು, ಅಂಗಡಿಗೆ ಒಯ್ಯಲು ಸುದ್ದಿಯಿಲ್ಲವಾಯಿತಲ್ಲ ಎಂಬ ಸಣ್ಣ ನಿರಾಸೆಯೂ ಇತ್ತು. ಅದನ್ನು ತುಂಬಿಕೊಳ್ಳಲೆಂಬಂತೆ ಬುದ್ಧಿ ಹೇಳಲು ಶುರುಮಾಡಿದ.

ಕಲೆವಿ: ನೋಡು ಓಯ್ವಾ, ನಲ್ಲಿಗಳನ್ನ ಅರ್ಧಕ್ಕೆ ತಿರುಗಿಸಿ ಬಿಡ್ಬೇಕು. ಬಿಸಿಗೂ ಅಲ್ಲ, ತಣ್ಣಗೂ ಅಲ್ಲ, ಸರೀ ನಡುವೆ. ಅದನ್ನ ಮಾತ್ರ ಮರೀಬೇಡ.

ಹಿಲ್ಕಾ: ಹೋದ ವರ್ಷ ನಿನ್ನ ಗಾಡಿ ನಲ್ಲಿ ಒಡೆದಿತ್ತಲ್ಲ ಕಲೆವಿ?

ಕಲೆವಿ: ಒಡೆದಿರಲಿಲ್ಲ. ಬಿಟ್ಕೊಂಡಿತ್ತು.

ಹಿಲ್ಕಾ: ಎಷ್ಟು ತುಂಡಾಗಿ?

ಕಲೆವಿ: ಅದು ಬೇರೆ ವಿಷ್ಯ. ಇನ್ನೊಂದು, ಪಂಪಿನ ಸ್ವಿಚ್ಚು ಆರಿಸ್ಬೇಕು. ಬಾಯ್ಲರ್ ಪಕ್ಕ ಚಳಿ ವಾಲ್ವ್ ಇದೆ ನೋಡು, ಒಳಗೆ ಚಳಿ ಏರಿದ್ರೆ ಅದು ತಾನಾಗೇ ತೆರ್ಕೊಂಡು ಬಾಯ್ಲರಿನ ನೀರು ಬಿಟ್ಬಿಡುತ್ತೆ. ಆಗ ಪಂಪೇನಾದ್ರೂ ಚಾಲೂ ಇದ್ರೆ ಮುಗೀತು. ಟ್ಯಾಂಕಿನಲ್ಲಿರೋದನ್ನೆಲ್ಲ ಎತ್ತಿ ಎತ್ತಿ ಹೊರಗೆ ಹಾಕುತ್ತೆ.

ಓಯ್ವಾ: ನನ್ನ ಗಾಡೀಲಿ ಗ್ಯಾಸ್ ಹೀಟರ್ ಉರೀತಿದೆ. ಆ ವಾಲ್ವ್ ತೆರೆಯೋ ಪ್ರಶ್ನೆನೇ ಇಲ್ಲ. ಇಡೀ ಚಳಿಗಾಲ ಹೀಗೇ ಇಟ್ರೂ ಏನೂ ಆಗಲ್ಲ.

ಹಿಲ್ಕಾ: ಇಡೀ ಚಳಿಗಾಲಾನಾ? ಸೌದೆ ಕಡಿದು ಮನೆ ಬೆಚ್ಚಗಿಡೋದು ನಾನು, ಗ್ಯಾಸ್ ಸುಟ್ಟು ಒಂದು ಟ್ಯಾಂಕ್ ನೀರನ್ನ ಬೆಚ್ಚಗಿಡೋದು ನೀನು?

ಕಲೆವಿ: ಅಷ್ಟಕ್ಕೂ ಆ ನೀರಲ್ಲಿ ಏನಿದೆ?

ಓಯ್ವಾ ಇದೇ ಮಾತಿಗೆ ಕಾಯುತ್ತಿದ್ದ. ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದು ಕಲೆವಿಯ ಕೈಗಿಟ್ಟ. ಅದರೊಳಗೆ ಸುಟ್ಟ ಗಿಣ್ಣಿನ ಎರಡು ತುಂಡುಗಳನ್ನೂ ಹಾಕಿದ. ಕಾಫಿಗೆ ಗಿಣ್ಣು ಹಾಕದೆ ಕೊಟ್ಟರೆ ಆ ಕಡೆ ಅತಿಥಿಯನ್ನು ಅರ್ಧ ಕರೆದಂತೆ. ಕಲೆವಿ ಒಂದು ಗುಟುಕು ಕುಡಿದು, ಬಾಯೊಳಗೆ ಹೊರಳಿಸಿ, ಆಕಾಶ ನೋಡಿ ನುಂಗಿದ.

ಓಯ್ವಾ: ಹೇಗಿದೆ? ನಾರ್ವೆಯ ಬುಗ್ಗೆ ನೀರು!

ಕಲೆವಿ: ನಮ್ಮೂರ ಬಾವಿ ನೀರಿನ ಹಾಗೇ ಇದೆ.

ಓಯ್ವಾ: ಏನಂದೆ?

ಕಲೆವಿ: ಅದೇ ತುಕ್ಕಿನ ರುಚಿ. ಹಿಂದಿನಿಂದ ಬರುತ್ತೆ ನೋಡು, ನಾಲಿಗೆ ಪಕ್ಕದಲ್ಲಿ.

ಓಯ್ವಾ: ನಿನ್ನ ನಾಲಿಗೆಗೆ ಏನು ಗೊತ್ತು? ಸಿರ್ಕಾ ಮಾಡಿದ ಸಾರನ್ನ ಇಷ್ಟು ವರ್ಷ ಹೊಗಳ್ಕೊಂಡು ಬಂದ ನಾಲಿಗೆ ಅದು.

ಕಲೆವಿ: ಅದು ಹೆದರಿಕೆಯಿಂದ. ಇದು ಹಾಗಲ್ಲ, ನಿಜವಾಗ್ಲೂ…

ಹಿಲ್ಕಾ: ಕಲೆವಿ, ಒಂದು ಏಲಕ್ಕಿ ಬನ್ನು ತಗೋ. ತಗೋ. ಇನ್ನೊಂದು ತಗೋ. ಬಾಯಿ ಖಾಲಿ ಬಿಡ್ಬೇಡ.

ಹಿಲ್ಕಾ ಮೆಟ್ಟಿಲ ಮೇಲಿದ್ದ ಬನ್ನಿನ ಬುಟ್ಟಿಯನ್ನೇ ಎತ್ತಿ ಅವನ ಮೂಗಿನ ಕೆಳಗೆ ಹಿಡಿದಳು. ಬಾಯಿ ತುಂಬಿದ ಕಲೆವಿ ಮುಂದೆ ಏನೂ ಹೇಳಲಿಲ್ಲ. ತನ್ನ ಪರ ವಹಿಸಿದಳಲ್ಲ ಎಂದು ಓಯ್ವಾನಿಗೆ ಒಳಗೊಳಗೇ ಖುಷಿಯಾಯಿತು. ಸೌನಾದ ಹೊಗೆ ತೆಳುವಾಗುತ್ತ ಬಂದಿತ್ತು. ಕಲ್ಲು ಕಾದಿತ್ತು. ಕಲೆವಿ ಕಂಪ್ರೆಸರನ್ನು ಅಲ್ಲೇ ಬಿಟ್ಟು, ನಲ್ಲಿ ಅರ್ಧಕ್ಕೆ, ಅರ್ಧಕ್ಕೆ ಎಂದು ಕೈಸನ್ನೆ ಮಾಡುತ್ತಾ ಬೇಲಿ ದಾಟಿ ಹೋದ.

ಹಿಲ್ಕಾ: ಸೌನಾ ಕಾದಿದೆ. ಕದನವಿರಾಮ. ಆದ್ರೆ ಹೊರಗೆ ಬಂದ ಮೇಲೆ ಬಿಡಲ್ಲ.

ಓಯ್ವಾ: ನೋಡೋಣ.

ಓಯ್ವಾ ಮನೆಗಾಡಿಯೊಳಗೆ ಹೋಗಿ ಪಂಪಿನ ಸ್ವಿಚ್ಚು ಒತ್ತಿ ಕಾಫಿ ಕೆಟಲಿಗೆ ನೀರು ತುಂಬಿಸಿದ. ಸೌನಾದಿಂದ ಬಂದ ಮೇಲೆ ಮನುಷ್ಯರ ಮನಸ್ಸು ಮೆತ್ತಗಿರುತ್ತದೆ. ಆಗ ಕಾಫಿ ಕಾಯಿಸಿ ಇನ್ನೊಂದು ಸಲ ಎರಡು ಲೋಟ ಇಟ್ಟು ನೋಡಬೇಕೆಂದು ಅವನ ಲೆಕ್ಕಾಚಾರ. ಆಗ ಮತ್ತೆ ನೀರು ಬೇಕಾದೀತೆಂದು ಸ್ವಿಚ್ಚನ್ನು ಆರಿಸಲಿಲ್ಲ. ಬಾಗಿಲನ್ನು ಎಂದಿನಂತೆ ತೆರೆದೇ ಬಿಟ್ಟ. ಹೊರಗೆ ಬಂದಾಗ ಹಿಲ್ಕಾ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಾಡಿಯ ಹಿಂದಿನಿಂದ ಬರುತ್ತಿದ್ದಳು. ಬಟ್ಟೆ ಒಣಗಿಸುವ ಹಗ್ಗ ಇದ್ದದ್ದೋ ಅಂಗಳದ ಎದುರು ಬದಿಗೆ. ಓಯ್ವಾನಿಗೆ ಕೇಳಬೇಕೆನ್ನಿಸಿತು, ಆದರೆ ಕದನವಿರಾಮ ನೆನಪಾಗಿ ಸುಮ್ಮನಾದ.

ಸೌನಾದೊಳಗೆ ಇಬ್ಬರೂ ಮರದ ಹಲಗೆಯ ಮೇಲೆ ಅಕ್ಕಪಕ್ಕ ಕೂತರು. ಹಿಲ್ಕಾ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಳು. ಕಲ್ಲು ಸುಯ್ಯೆಂದಿತು. ಬಿಸಿ ಉಗಿ ಬೆನ್ನಿಗೆ ಬಡಿಯಿತು. ಹೀಗೆ ಮತ್ತೆ ಮತ್ತೆ ನೀರು ಹಾಕಿ ಬಹಳ ಹೊತ್ತು ಬೆವರಿದರು. ಆಮೇಲೆ ಓಯ್ವಾ ಕತ್ತಲಲ್ಲಿ, ಕಲ್ಲಿಗೆ ಹೇಳುವ ಹಾಗೆ ಹೇಳಿದ.

ಓಯ್ವಾ: ನೀನು ಯಾಕೆ ಬಾಗಿಲು ಮುಚ್ತೀಯ?

ಹಿಲ್ಕಾ: ಯಾವ ಬಾಗಿಲು?

ಓಯ್ವಾ: ಗಾಡೀದು. ದಿನಾ ಬೆಳಗ್ಗೆ.

ಹಿಲ್ಕಾ: ನೀನು ತೆರೆದಿಟ್ಟಿರ್ತೀಯಲ್ಲ! ಒಳಗೆ ಹೀಟರ್ ಉರೀತಿರುತ್ತೆ, ಬಿಸಿ ಎಲ್ಲ ಹೊರಗೆ ಹೋಗುತ್ತೆ. ಈ ಮನುಷ್ಯನಿಗೆ ವಯಸ್ಸಾಯ್ತು, ಬಾಗಿಲು ಹಾಕೋದೂ ಮರೀತಾನೆ ಅಂದ್ಕೊಂಡು ಬಂದು ಮುಚ್ತಿದ್ದೆ.

ಓಯ್ವಾ: ಮರೆತಿರಲಿಲ್ಲ.

ಹಿಲ್ಕಾ: ಮತ್ತೆ?

ಓಯ್ವಾ: ತೆರೆದಿಟ್ಟಿದ್ದೆ.

ಹಿಲ್ಕಾ: ಯಾಕೆ?

ಓಯ್ವಾ ಒಂದು ಸೌಟು ನೀರು ಹಾಕಿದ. ಸಾಲಲಿಲ್ಲ. ಇನ್ನೊಂದು ಹಾಕಿದ.

ಓಯ್ವಾ: ನೀನು ಬರಲಿ ಅಂತ. ಎರಡು ಲೋಟ ಇಡ್ತಿದ್ದೆ.

ಹಿಲ್ಕಾ: ಆ ಎರಡನೇ ಲೋಟ ನನಗಾ? ನೀನು ಸ್ಪೂನು ತೊಳೆಯೋಕೆ ಇಟ್ಕೊಂಡಿದ್ದೀಯ ಅಂತ ನಾನು ಅಂದ್ಕೊಂಡಿದ್ದೆ!

ಓಯ್ವಾ: ಆ ಮೇಜಲ್ಲಿ ಕೂತಾಗ ನೀನು ಮಾತಾಡ್ತೀಯ. ಮನೆ ಮೇಜಲ್ಲಿ ರೇಡಿಯೋ ಮಾತಾಡುತ್ತೆ.

ಹಿಲ್ಕಾ: ಅಯ್ಯೋ ಮಾರಾಯ. ಒಂದು ಮಾತು ಕರೀಬಹುದಿತ್ತಲ್ಲ? ಬಾ ಅಂತ?

ಓಯ್ವಾ: ಬಾಗಿಲು ತೆರೆದಿಟ್ಟೆನಲ್ಲ.

ಹಿಲ್ಕಾ: ಬಾಗಿಲು ತೆರೆದಿಟ್ರೆ ಹಸು ಬರುತ್ತೆ, ಹೆಂಡ್ತಿಯಲ್ಲ! ನಾನು ಮನೇಲಿ ಒಬ್ಳೇ ಕೂತು, ಇವನಿಗೆ ನನ್ನ ಮುಖ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಗಾಡಿಗೆ ಓಡ್ತಾನೆ ಅಂದ್ಕೊಂಡಿದ್ದೆ. ಬೇಸರಕ್ಕೆ ರೇಡಿಯೋ ಜೋರಾಗಿ ಇಡ್ತಿದ್ದೆ.

ಓಯ್ವಾ: ಅದು ನನಗೆ ಕೇಳಿಸ್ತಿತ್ತು. ಖುಷಿಯಾಗಿದ್ದಾಳೆ ಅಂದ್ಕೊಂಡೆ.

ಹಿಲ್ಕಾ ಕೈಚಾಚಿ ಅವನ ಮೊಣಕಾಲಿನ ಮೇಲಿಟ್ಟಳು. ಅಲ್ಲಿಯ ಬಿಸಿಗೆ ಯಾರ ಕಣ್ಣಲ್ಲಿ ಏನು ಬಂದರೂ ಬೆವರೇ ಅನ್ನಿಸುತ್ತದೆ. ಓಯ್ವಾನಿಗೆ ಅದೊಂದು ಅನುಕೂಲವಾಯಿತು.

ಹಿಲ್ಕಾ: ಆಯ್ತು. ಇವತ್ತೊಂದು ರಾತ್ರಿ ನೀರು ಇರಲಿ. ನಾಳೆ ಬೆಳಗ್ಗೆ ನಾನು ಬರ್ತೀನಿ. ಇಬ್ರೂ ಕಾಫಿ ಕುಡಿದು ಆಮೇಲೆ ಚೆಲ್ಲೋಣ.

ಓಯ್ವಾ: ನಿಜ?

ಹಿಲ್ಕಾ: ನಿಜ.

ಉಗಿ ಹಿತವಾಗಿತ್ತು. ಓಯ್ವಾ ಕಣ್ಣು ಮುಚ್ಚಿದ. ಅಷ್ಟರಲ್ಲಿ ಹಿಲ್ಕಾಳ ಕೈ ಅವನ ಮೊಣಕಾಲಿನ ಮೇಲೆ ಬಿಗಿಯಾಯಿತು.

ಹಿಲ್ಕಾ: ಓಯ್ವಾ.

ಓಯ್ವಾ: ಹೂಂ.

ಹಿಲ್ಕಾ: ನಾನು ಗಾಡಿ ಹಿಂದೆ ಹೋಗಿ ಗ್ಯಾಸ್ ಬಂದ್ ಮಾಡಿ ಬಂದೆ.

ಓಯ್ವಾ: ಯಾವಾಗ?

ಹಿಲ್ಕಾ: ಸೌನಾಕ್ಕೆ ಬರೋ ಮುಂಚೆ. ಹೀಟರ್ ಆರಿದ್ರೆ ಹೆದರ್ಕೊಂಡು ನೀನೇ ನೀರು ಬಿಡ್ತೀಯ ಅಂತ.

ಓಯ್ವಾ: ನಾನು ಪಂಪ್ ಚಾಲೂ ಬಿಟ್ಟು ಬಂದೆ.

ಹಿಲ್ಕಾ: ಯಾಕೆ?

ಓಯ್ವಾ: ನಿನಗೆ ಕಾಫಿ ಮಾಡೋಕೆ.

ಹಿಲ್ಕಾ: ಬಾಗಿಲು?

ಓಯ್ವಾ: ತೆರೆದಿದೆ. ನೀನು ಮುಚ್ಚಿದ್ಯಾ?

ಹಿಲ್ಕಾ: ಇಲ್ಲ. ಕದನವಿರಾಮ ಅಂತ ಇವತ್ತೊಂದಿನ ಬಿಟ್ಟೆ.

ಇಬ್ಬರೂ ಕಲ್ಲನ್ನೇ ನೋಡುತ್ತಾ ಕೂತರು. ಸೌನಾದಿಂದ ಗಡಿಬಿಡಿಯಲ್ಲಿ ಎದ್ದು ಓಡುವುದು ಮರ್ಯಾದಸ್ಥರ ಲಕ್ಷಣವಲ್ಲ.

ಓಯ್ವಾ: ಕಡೇದಾಗಿ ಒಂದು ಸೌಟು ಹಾಕ್ಲಾ?

ಹಿಲ್ಕಾ: ಹಾಕು.

ಹಾಕಿದ. ಉಗಿ ಏರಿ ಇಳಿಯಿತು. ಆಮೇಲೆ ಇಬ್ಬರೂ ಒಟ್ಟಿಗೆ ಎದ್ದು ಟವೆಲ್ ಸುತ್ತಿಕೊಂಡು ಹೊರಗೆ ಓಡಿದರು.

ಕತ್ತಲಾಗಿತ್ತು. ಮನೆಗಾಡಿಯ ಹೊಟ್ಟೆಯೊಳಗೆ ಪಂಪು ಎತ್ತಲು ನೀರಿಲ್ಲದೆ ಗೊರಗೊರ ಎನ್ನುತ್ತಿತ್ತು. ಚಳಿ ವಾಲ್ವ್ ಬಾಯಿ ತೆರೆದು ತನ್ನ ಕೆಲಸ ಮುಗಿಸಿತ್ತು. ಟ್ಯಾಂಕಿನಲ್ಲಿದ್ದ ನೀರೆಲ್ಲ ಅಂಗಳದ ಇಳಿಜಾರಿನಲ್ಲಿ ಹರಿದು, ಮನೆಯ ಮೆಟ್ಟಿಲ ತನಕ ಹೋಗಿ, ಅಂಚಿನಲ್ಲಿ ಆಗಲೇ ಹೆಪ್ಪುಗಟ್ಟುತ್ತಿತ್ತು. ಮೈಯಿಂದ ಹಬೆಯೇಳುತ್ತಿದ್ದ ಗಂಡಹೆಂಡಿರು ಬರಿಗಾಲಲ್ಲಿ ಅದನ್ನು ನೋಡುತ್ತಾ ನಿಂತರು. ಬೇಲಿಯಾಚೆ ಟಾರ್ಚು ಹೊಳೆಯಿತು.

ಕಲೆವಿ: ಬಿಟ್ರಾ? ಒಳ್ಳೇದಾಯ್ತು. ನಲ್ಲಿ ಅರ್ಧಕ್ಕೆ ತಿರುಗಿಸಿದ್ದೀರಾ?

ಹಿಲ್ಕಾ: ಒಳಗೆ ಹೋಗು ಕಲೆವಿ.

ಕಲೆವಿ: ಯಾರು ಬಿಟ್ಟಿದ್ದು?

ಓಯ್ವಾ: ಇಬ್ರೂ ಸೇರಿ.

ಕಲೆವಿ: ಸಿರ್ಕಾಗೆ ಹೇಳ್ತೀನಿ. ಸಮಾಧಾನ ಆಗುತ್ತೆ ಅವಳಿಗೆ.

ಮಾರನೆಯ ಬೆಳಗ್ಗೆ ಅಂಗಳವೆಲ್ಲ ಗಾಜಿನಂತೆ ಮಂಜುಗಡ್ಡೆ. ಓಯ್ವಾ ಬೇಗ ಎದ್ದು ಕಾಲು ಜಾರದಿರಲೆಂದು ಅದರ ಮೇಲೆ ಗಾಡಿಯಿಂದ ಮನೆಯ ಮೆಟ್ಟಿಲವರೆಗೂ ಬೂದಿ ಎರಚಿದ. ಗ್ಯಾಸ್ ಹಚ್ಚಿದ. ನೀರಿಲ್ಲ, ಕಾಫಿಯಿಲ್ಲ, ಆದರೂ ಎರಡು ಲೋಟ ಇಟ್ಟು, ಬಾಗಿಲು ತೆರೆದು ಕೂತ. ಸ್ವಲ್ಪ ಹೊತ್ತು ಕೂತು, ಏನೋ ಯೋಚಿಸಿ, ಎದ್ದು ಬಾಗಿಲಿಗೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ.

ಓಯ್ವಾ: ಹಿಲ್ಕಾ! ಬಾ!

ಕೂಗು ಊರಿಗೆಲ್ಲ ಕೇಳಿಸಿತು. ಕಲೆವಿಯ ಮನೆಯ ಕಿಟಕಿ ಪರದೆ ಅಲುಗಾಡಿತು. ಹಿಲ್ಕಾ ಫ್ಲಾಸ್ಕನ್ನು ಬಗಲಲ್ಲಿಟ್ಟುಕೊಂಡು, ಬೂದಿಯ ಮೇಲೆ ಹೆಜ್ಜೆ ಹುಡುಕಿ ಹುಡುಕಿ ಇಡುತ್ತಾ ಬಂದಳು. ಮೆಟ್ಟಿಲು ಹತ್ತಿದಳು. ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದಳು, ಈ ಸಲ ಒಳಗಿನಿಂದ. ಕೂತರು. ಮೊಣಕಾಲಿಗೆ ಮೊಣಕಾಲು ತಗಲಿತು. ಹಿಲ್ಕಾ ಲೋಟಗಳಿಗೆ ಕಾಫಿ ಬಗ್ಗಿಸಿದಳು.

ಓಯ್ವಾ: ಬಾವಿ ನೀರಿನದಾ?

ಹಿಲ್ಕಾ: ಮತ್ತೆಲ್ಲಿಂದ ತರಲಿ?

ಓಯ್ವಾ ಕುಡಿದ. ಹಿತವಾಗಿಯೇ ಇತ್ತು. ಆದರೆ ಇಷ್ಟು ದಿನದ ವಾದವನ್ನು ಒಂದೇ ಗುಟುಕಿಗೆ ಬಿಟ್ಟುಕೊಡಲಾಗಲಿಲ್ಲ.

ಓಯ್ವಾ: ಪರವಾಗಿಲ್ಲ. ಆದ್ರೂ ಏನೇ ಹೇಳು, ನಿನ್ನೆ ತನಕ ಕುಡಿದ ಆ ಬುಗ್ಗೆ ನೀರಿನ ರುಚಿ ಇದಕ್ಕೆ ಬರಲ್ಲ.

ಹಿಲ್ಕಾ: ಓಯ್ವಾ, ನಿನ್ನ ಬುಗ್ಗೆ ನೀರು ನಾವು ಊರಿಗೆ ಬಂದ ಸ್ವಲ್ಪ ದಿನಕ್ಕೇ ಮುಗಿದಿತ್ತು.

ಓಯ್ವಾ: ಮುಗಿಯೋದೇನು? ಟ್ಯಾಂಕು ಮುಕ್ಕಾಲಿತ್ತು. ದಿನಾ ನೋಡ್ತಿದ್ದೆ.

ಹಿಲ್ಕಾ: ನೀನು ಊರೊಳಗೆ ಅಂಗಡಿಗೆ ಹೋದಾಗೆಲ್ಲ ತೋಟದ ಪೈಪ್ ಇಟ್ಟು ನಾನೇ ಬಾವಿ ನೀರು ತುಂಬಿಸ್ತಿದ್ದೆ. ಮುಕ್ಕಾಲಿಗೇ ನಿಲ್ಲಿಸ್ತಿದ್ದೆ, ಪೂರ್ತಿ ತುಂಬಿದ್ರೆ ನಿನಗೆ ಗೊತ್ತಾಗುತ್ತೆ ಅಂತ.

ಓಯ್ವಾ ಲೋಟ ಕೆಳಗಿಟ್ಟ. ಕಿಟಕಿಯಾಚೆ ಕರ್ರಂಟ್ ಗಿಡಗಳು ಎಲೆಯುದುರಿ ಒಣಗಿ ನಿಂತಿದ್ದವು. ಅವುಗಳ ಕಡೆ ನೋಡಿದ. ಅಂಗಳದಲ್ಲಿ ಬಿದ್ದಿದ್ದ ಪೈಪಿನ ಕಡೆ ನೋಡಿದ.

ಓಯ್ವಾ: ನಾನು ಇಲ್ಲಿಗೆ ಬರೋದು ನಿನಗೆ ಬೇಡವಾಗಿತ್ತಲ್ಲ. ಮತ್ತೆ ಯಾಕೆ ತುಂಬಿಸಿದೆ?

ಹಿಲ್ಕಾ: ನೀರು ಮುಗಿದಿದ್ರೆ ನೀನು ಮುಖ ಸಪ್ಪಗೆ ಮಾಡ್ಕೊಂಡು ಮನೆಯೊಳಗೆ ಬಂದು ಕೂರ್ತಿದ್ದೆ. ಆ ಮುಖಕ್ಕಿಂತ ಇಲ್ಲಿ ಖುಷಿಯಾಗಿ ಕೂತಿರೋ ಮುಖಾನೇ ವಾಸಿ ಅನ್ನಿಸ್ತು. ದೂರದಿಂದಾದ್ರೂ.

ಓಯ್ವಾ: ಹಾಗಾದ್ರೆ ನಿನ್ನೆ ಯಾಕೆ ಅಷ್ಟೊಂದು ಹಟ? ಚೆಲ್ಲು ಚೆಲ್ಲು ಅಂತ?

ಹಿಲ್ಕಾ: ಈ ಚಳೀಲಿ ಆ ಪೈಪ್ ಹಿಡಿದು ನೋಡು. ಬೆರಳು ಮರಗಟ್ಟಿ ಹೋಗಿತ್ತು ಮಾರಾಯ.

ಓಯ್ವಾ ಅವಳ ಕೈಗಳನ್ನು ತೆಗೆದುಕೊಂಡು ತನ್ನ ಬಿಸಿ ಲೋಟದ ಸುತ್ತ ಇಟ್ಟು, ಮೇಲೆ ತನ್ನ ಕೈಯಿಟ್ಟ. ಮೇಜು ಚಿಕ್ಕದಾದ್ದರಿಂದ ಹೆಚ್ಚು ಚಾಚಬೇಕಾಗಲಿಲ್ಲ. ಹೊರಗೆ ಬೇಲಿಯ ಹತ್ತಿರ ಕಲೆವಿ ಕಂಪ್ರೆಸರ್ ಒಯ್ಯುವ ನೆಪದಲ್ಲಿ ನಿಂತು ಇತ್ತ ಕಡೆಯೇ ಕತ್ತು ಚಾಚುತ್ತಿದ್ದ.

ಓಯ್ವಾ: ಹಿಲ್ಕಾ, ಒಂದು ಮಾತು.

ಹಿಲ್ಕಾ: ಹೇಳು.

ಓಯ್ವಾ: ಕಲೆವಿಗೆ ಮಾತ್ರ ಇದು ಗೊತ್ತಾಗ್ಬಾರದು.

ಹಿಲ್ಕಾ: ನಾನು ಪೈಪ್ ಇಟ್ಟು ತುಂಬಿಸಿದ್ದಾ?

ಓಯ್ವಾ: ಅದನ್ನ ಬೇಕಾದ್ರೆ ಹೇಳು. ಅವನ ನಾಲಿಗೆ ಸರಿಯಾಗಿತ್ತು ಅನ್ನೋದು ಬೇಡ.